ಕುರಿ ಕದಿಯುವ ರಾಜನ ಪಾತ್ರ ಮಾಡಿದ ಕಾಕಾ

ಮೊನ್ನೆ ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿಗೆ ದಾರಿಯಲ್ಲಿ ಕುರಿಗಾರನೊಬ್ಬ ಹತ್ತಿದ. ಹೊರಗೆ ಮಳೆ ಹನಿಯುತ್ತಿತ್ತು. ಅವನ ಹೆಗಲ ಮೇಲಿನ ಕರಿ ಕಂಬಳಿ ನೆನೆದು, ಒದ್ದೆ ಉಣ್ಣೆಯ ವಾಸನೆ ಬಸ್ಸಿನ ತುಂಬ ಹರಡಿತು. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಮೇಲೆ ಕಾಲ ಬಳಿ ಇದ್ದ ಚೀಲವನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು. ಪಾಪ, ಆತ ಅವಳ ಕಡೆ ನೋಡಿಯೂ ಇರಲಿಲ್ಲ.

ಆ ವಾಸನೆಗೆ, ಆ ಚೀಲ ಸರಿದ ರೀತಿಗೆ, ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು...

ಎಪ್ಪತ್ತರ ದಶಕದ ಮಾತು. ದೇವರ ಹಿಪ್ಪರಗಿ ಕಡೆಯ ಒಂದು ಸಣ್ಣ ಹಳ್ಳಿಗೆ ನಾನು ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಗೋಡೆಗೆ ಹತ್ತಿಕೊಂಡೇ ಕಾಕಾನ ಕುರಿಹಟ್ಟಿ. ರಕ್ತ ಸಂಬಂಧವೇನಿಲ್ಲ, ನಮ್ಮ ಮನೆಯವರು ಕಾಕಾ ಅನ್ನುತ್ತಿದ್ದರು, ನಾನೂ ಅಂದೆ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಜೋಳದ ಕೊಯ್ಲು ಮುಗಿದ ಮೇಲೆ ರೈತರು ಅವರನ್ನು ಕರೆಯಲು ಬರುತ್ತಿದ್ದರು. ರಾತ್ರಿ ಕುರಿಗಳನ್ನು ಹೊಲದಲ್ಲಿ ತರುಬಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ನಮ್ಮ ಹೊಲಕ್ಕೆ ಮೊದಲು, ನಮ್ಮ ಹೊಲಕ್ಕೆ ಮೊದಲು ಎಂದು ಜಗಳವೇ ಆಗುತ್ತಿತ್ತು.

ನಮ್ಮವರಿಗೆ ಬಯಲಾಟದ ಹುಚ್ಚು. ಆ ವರ್ಷ ತಾವೇ ಒಂದು ಆಟ ಕಟ್ಟಿದರು. ಯಾವ ಪುರಾಣದಲ್ಲೂ ಇಲ್ಲದ ಒಂದು ರಾಜ್ಯ. ಅಲ್ಲಿ ಬಂಗಾರಕ್ಕೆ ಬೆಲೆಯಿಲ್ಲ, ಕುರಿಯೇ ಐಶ್ವರ್ಯ. ಪ್ರಜೆಗಳು ಕಂದಾಯವಾಗಿ ಉಣ್ಣೆ ಕೊಡುತ್ತಾರೆ, ಸೈನಿಕರು ಕಂಬಳಿಯನ್ನೇ ಕವಚದಂತೆ ತೊಡುತ್ತಾರೆ, ರಾಜಕುಮಾರಿಯ ತೂಕಕ್ಕೆ ಟಗರು ತೂಗಿ ಮದುವೆ ಮಾಡುತ್ತಾರೆ. ಆ ರಾಜ್ಯದ ಮೇಲೆ ಕಣ್ಣಿಟ್ಟ ಇನ್ನೊಬ್ಬ ರಾಜ ಮಾಯಗಾರ. ಅವನು ಒಂದು ಮಂತ್ರ ಹಾಕಿದರೆ ಮಂದಿಯ ಕುರಿಗಳೆಲ್ಲ ಅವನ ಬೆನ್ನು ಹತ್ತಿ ಹೋಗಿಬಿಡುತ್ತವೆ.

ಒಳ್ಳೆಯ ರಾಜನ ಪಾತ್ರ ಊರಗೌಡರ ಅಳಿಯನಿಗೆ ಹೋಯಿತು. ಅವನು ಮಾವನ ಮನೆಯಲ್ಲೇ ಇದ್ದ, ಮೈಕಟ್ಟು ಚೆನ್ನಾಗಿತ್ತು. ಮಾಯಗಾರನ ಪಾತ್ರ ಯಾರಿಗೂ ಬೇಡವಾಗಿತ್ತು. ಕಡೆಗೆ ಕಾಕಾ ಎದ್ದು, "ಕುರಿ ಅಂದ ಮ್ಯಾಲ ನಾನs ಮಾಡ್ತೇನಿ ತಗೋರಿ" ಅಂದರು.

ಆಟಕ್ಕೆಂದು ಗೌಡರು ತಮ್ಮ ಮಂದೆಯ ಕೆಲವು ಕುರಿಗಳನ್ನು ಕೊಟ್ಟರು. ತಾಲೀಮು ನಡೆದಷ್ಟು ದಿನ ಅವು ಕಾಕಾನ ಹಟ್ಟಿಯಲ್ಲೇ ಇದ್ದವು. ಅವರ ಕೈಯಿಂದ ತೊಗರಿ ಹೊಟ್ಟು ತಿಂದವು, ಅವರ ಕೂಗಿಗೆ ಹೊಂದಿಕೊಂಡವು. ನಾಲಿಗೆ ಮಡಚಿ ಗಂಟಲಿನಿಂದ ಎಳೆಯುವ ಒಂದು ಕೂಗು ಅದು. ನಾನು ಗೋಡೆಯ ಈಚೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ.

ದೀಪದ ಬೆಳಕಿಗೆ ಕುರಿ ಬೆದರುತ್ತವೆಂದು ಆಟವನ್ನು ಹಗಲಿನಲ್ಲೇ ಇಟ್ಟರು. ಕಾಕಾ ಮುಖಕ್ಕೆ ಕಪ್ಪು ಬಳಿದುಕೊಂಡು, ನಾನು ಹೊಲಿದುಕೊಟ್ಟ ಕೆಂಪು ನಿಲುವಂಗಿ ತೊಟ್ಟು ಬಂದರು. ಸಾಧು ಮನುಷ್ಯ, ಕಣ್ಣರಳಿಸಿ ನಕ್ಕಾಗ ಮುಂದೆ ಕೂತ ಮಕ್ಕಳು ಅಳತೊಡಗಿದವು. ಅವರು ಕೂಗು ಹಾಕಿದರು. ಗೌಡರ ಕುರಿಗಳೆಲ್ಲ ಒಳ್ಳೆಯ ರಾಜನನ್ನು ಬಿಟ್ಟು ಸಾಲಾಗಿ ಕಾಕಾನ ಹಿಂದೆ ನಡೆದುಬಿಟ್ಟವು. ಮಂದಿ ಚಪ್ಪಾಳೆ ಹೊಡೆದರು. ಆಮೇಲೆ ಯಾರೋ ಹಿಂದಿನಿಂದ, "ಮಂದಿ ಕುರಿನೂ ಇವನ ಬೆನ್ನ ಹತ್ತತಾವಲ್ಲೋ!" ಅಂದರು. ಚಪ್ಪಾಳೆ ಸಣ್ಣಗಾಯಿತು.

ಆಟವಾಗಿ ತುಸು ದಿನಕ್ಕೆ ಗೌಡರ ಮಂದೆಯಿಂದ ಕುರಿಗಳು ಕಾಣೆಯಾದವು. ಆಟದಲ್ಲಿದ್ದ ಕುರಿಗಳೇ.

ಕಾಕಾನ ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಅವರು ಬಂದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಹೊಲಕ್ಕೆ ಕರೆಯುವವರು ಬರಲಿಲ್ಲ. "ಏನೋ ವಿದ್ಯಾ ಐತಿ ಅವನ ಕಡೆ, ಬರೇ ಆಟ ಅಲ್ಲದು" ಎಂದು ಗೌಡರ ಅಳಿಯನೇ ಮೊದಲು ಹೇಳಿದ್ದಂತೆ. ನಮ್ಮತ್ತೆ ಹಿತ್ತಲಿನ ಆಡನ್ನು ಅಡುಗೆಮನೆಯ ಬಾಗಿಲಿಗೆ ಕಟ್ಟತೊಡಗಿದರು. ಆ ಕುರಿಗಳು ಅವರ ಹಟ್ಟಿಯಲ್ಲಿ ಇದ್ದುದರಿಂದಲೇ ಅವರ ಕೂಗು ಬಲ್ಲವು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದೊಂದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಒಂದು ಸಂತೆಯ ದಿನ ಅತ್ತೆಯ ಜೊತೆ ಮೆಣಸಿನಕಾಯಿ ತರಲು ದೇವರ ಹಿಪ್ಪರಗಿಗೆ ಹೋಗಿದ್ದೆ. ಕುರಿ ಕಟ್ಟುವ ಜಾಗದಲ್ಲಿ ಗದ್ದಲವೆದ್ದಿತ್ತು. ಒಬ್ಬ ವ್ಯಾಪಾರಿಯ ಕುರಿಗಳನ್ನು ನೋಡಿ ಗೌಡರು ಇವು ನನ್ನವು ಎನ್ನುತ್ತಿದ್ದರು. ಗುರುತಿಗೆ ಸೀಳಿದ್ದ ಕಿವಿಗಳ ತುದಿಯನ್ನು ಯಾರೋ ಕತ್ತರಿಸಿಬಿಟ್ಟಿದ್ದರು, ಗಾಯ ಇನ್ನೂ ಹಸಿಯಾಗಿತ್ತು. ವ್ಯಾಪಾರಿ ಜಗ್ಗಲಿಲ್ಲ. "ಬಾಗೇವಾಡಿ ಸಂತ್ಯಾಗ ಕೊಂಡೀನ್ರಿ. ನಿಮ್ಮವು ಅನ್ನಾಕ ಗುರ್ತರ ಏನೈತಿ?"

ಗುಂಪಿನ ಅಂಚಿನಲ್ಲಿ ಕಾಕಾ ನಿಂತಿದ್ದರು. ಒಬ್ಬೊಬ್ಬರಾಗಿ ಎಲ್ಲರ ಮುಖ ಅವರ ಕಡೆ ತಿರುಗಿತು. ಕೂಗಿದರೆ, ಕುರಿ ಬಂದರೆ, ಗೌಡರಿಗೆ ಕುರಿ ಸಿಗುತ್ತವೆ. ಆದರೆ ಮಂದಿಯ ಕುರಿ ಇವರ ಬೆನ್ನು ಹತ್ತುವುದು ಮತ್ತೆ ಎಲ್ಲರ ಕಣ್ಣಿಗೆ ಬಿದ್ದು, ಕಳ್ಳನೆಂಬ ಹೆಸರು ಕಾಕಾನಿಗೆ ಅಂಟಿಯೇ ಹೋಗುತ್ತದೆ. ಕೂಗದೆ ಇದ್ದರೆ ಕುರಿಗಳು ಹೋದವು, ಅಷ್ಟೆ. ಇದು ನನಗೆ ಹೊಳೆದಿತ್ತು ಅಂದಮೇಲೆ ಅವರಿಗೆ ಹೊಳೆಯದೆ ಇರುತ್ತದೆಯೇ? ಅವರು ರುಮಾಲು ತೆಗೆದು ಬೆವರು ಒರೆಸಿಕೊಂಡರು. ಮತ್ತೆ ಸುತ್ತಿಕೊಂಡರು. ಆಮೇಲೆ ಕೂಗಿದರು.

ಕುರಿಗಳು ಹಗ್ಗ ಜಗ್ಗಿಕೊಂಡು ಬಂದವು. ಒಂದಂತೂ ಅವರ ಮೊಣಕಾಲಿಗೆ ತಲೆ ಒತ್ತಿ ನಿಂತುಬಿಟ್ಟಿತು.

ಗೌಡರು ಕುರಿ ಹೊಡೆದುಕೊಂಡು ಹೋದರು. ಕಾಕಾನಿಗೆ ಒಂದು ಮಾತೂ ಹೇಳಲಿಲ್ಲ. ಜನ ದಾರಿ ಬಿಟ್ಟು ನಿಂತರು, ಗೌರವಕ್ಕಲ್ಲ. "ನೋಡಿದ್ಯಾ? ಎಲ್ಲಿ ಅದಾವು ಅಂತ ಅವಂಗ ಗೊತ್ತs ಇತ್ತು" ಎಂದು ನಮ್ಮತ್ತೆ ನನ್ನ ಕಿವಿಯಲ್ಲಿ ಅಂದರು.

ಆ ಸಂಜೆ ಕಾಕಾ ಹಟ್ಟಿಯ ಮುಳ್ಳುಬೇಲಿ ಕೀಳುತ್ತಿದ್ದರು. ನಾನು ತಡೆಯಲಾರದೆ ಕೇಳಿದೆ. "ಯಾಕ ಕೂಗಿದ್ರಿ ಕಾಕಾ? ಸುಮ್ಮನಿದ್ದಿದ್ರ ಆಗ್ತಿರಲಿಲ್ಲೇನು?"

ಅವರು ಕೈಗೆ ಚುಚ್ಚಿದ ಮುಳ್ಳು ತೆಗೆದುಕೊಳ್ಳುತ್ತ ಹೇಳಿದರು. "ನಾ ಕೂಗೂದಕ್ಕಿಂತ ಮೊದಲs ಅವು ನನ್ನ ನೋಡಿದ್ವು ತಂಗಿ. ಗುರ್ತ ಹಿಡದು ನೋಡಾಕತ್ತಿದ್ವು. ನಾ ಹೆಂಗ ಗುರ್ತ ಇಲ್ಲದವರಂಗ ನಿಂದರ್ಲಿ?"

ಮರುದಿನ ಹಟ್ಟಿ ಬರಿದಾಗಿತ್ತು. ಮುದ್ದೇಬಿಹಾಳದ ಕಡೆ, ಹೊಳೆಯ ದಂಡೆಗೆ ಹೋದರೆಂದು ಯಾರೋ ಅಂದರು.

ಎರಡು ಸುಗ್ಗಿ ಕಳೆದ ಮೇಲೆ ಗೌಡರ ಎತ್ತುಗಳು ಕಾಣೆಯಾದವು. ಬಾಗೇವಾಡಿಯಲ್ಲಿ ಅದೇ ವ್ಯಾಪಾರಿಯ ಬಳಿ ಸಿಕ್ಕವು. ಈ ಸಲ ಗೌಡರು ಬಿಡಲಿಲ್ಲ, ಹೆದರಿಸಿ ಕೇಳಿದರು. ಅವನು ಅಳಿಯನ ಹೆಸರು ಹೇಳಿದ, ಕುರಿ ತಂದುಕೊಟ್ಟವನೂ ಅವನೇ ಅಂದ. ಗೌಡರು ಮನೆಯೊಳಗೆ ಬಾಗಿಲು ಹಾಕಿಕೊಂಡು ಮಾತಾಡಿ ಮುಗಿಸಿದರು. ಆದರೆ ಕಸಮುಸುರೆಗೆ ಹೋಗುತ್ತಿದ್ದ ಹೆಂಗಸಿನಿಂದ ಸುದ್ದಿ ಹೊರಬಿತ್ತು. ಊರು ಒಂದೆರಡು ದಿನ ಪಿಸುಗುಟ್ಟಿ ಸುಮ್ಮನಾಯಿತು. ಕಾಕಾನನ್ನು ಕರೆತರೋಣವೆಂದು ಯಾರೂ ಅನ್ನಲಿಲ್ಲ. ನಮ್ಮವರು ಒಬ್ಬರೇ ಮುದ್ದೇಬಿಹಾಳದ ಕಡೆ ಹೋಗಿ ಹುಡುಕಿದರು. ಹೊಳೆದಂಡೆಯ ಕುರಿಗಾರರು, "ಜ್ವರ ಬಂದು ಹ್ವಾದ್ನಲ್ರಿ ಹೋದ ಮಳಿಗಾಲದಾಗ" ಅಂದರಂತೆ. ವಾಪಸು ಬಂದವರೇ ನಮ್ಮವರು ಆಟದ ಹಸ್ತಪ್ರತಿಯನ್ನು ಒಲೆಗೆ ಹಾಕಿದರು. ಮತ್ತೆಂದೂ ಆಟ ಕಟ್ಟಲಿಲ್ಲ... ಈಗ ಅವರೂ ಇಲ್ಲ.

ಮೊನ್ನೆ ನಾನು ಹೊರಟಿದ್ದು ಅದೇ ಊರಿಗೆ, ಸಂಬಂಧಿಕರ ಮನೆಯ ಕಾರ್ಯಕ್ಕೆ. ಕಾಕಾನ ಹಟ್ಟಿಯ ಜಾಗದಲ್ಲಿ ಸಿಮೆಂಟಿನ ಮನೆ ಎದ್ದಿದೆ. ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ಎಳೆಯ ಸೊಸೆಯೊಬ್ಬಳು ನನ್ನನ್ನು ಮಾತಾಡಿಸಿದಳು. ಮೊದಲು ಇಲ್ಲಿ ಏನಿತ್ತು ಗೊತ್ತೇ ಎಂದು ಕೇಳಿದೆ.

"ಗೊತ್ತೈತ್ರಿ. ಕುರಿಗಳ್ಳನ ಹಟ್ಟಿ ಅಂತಾರ್ರಿ ಇದಕ್ಕ."

"ಅವ್ರು ಕಳ್ಳ ಅಲ್ಲವ್ವಾ" ಅಂದೆ. "ಆಟದಾಗ ಕಳ್ಳನ ಪಾತ್ರ ಮಾಡಿದ್ರು."

ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಈ ಮುದುಕಿ ಅವನ ಕಡೆಯವಳಿರಬೇಕು ಎಂಬ ಸಂಶಯ ಅವಳ ಕಣ್ಣಿನಲ್ಲಿ ಸುಳಿದದ್ದು ಕಂಡಿತು.

"ಹೌದೇನ್ರಿ?" ಅಂದಳು. ಮತ್ತೆ ತಲೆ ತಗ್ಗಿಸಿ ಪಾತ್ರೆ ತಿಕ್ಕತೊಡಗಿದಳು.