ನಮ್ಮ ವಸುಧಾ ಅರಮನೆ ಸೇರಿದ್ದು

ಮೊನ್ನೆ ಬೀರು ಒಪ್ಪ ಮಾಡಲು ಕೂತಾಗ ಕೆಳಗಿನ ಅರೆಯಿಂದ ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ರವಿಕೆ ಹೊರಬಂತು. ಕಡುಗೆಂಪು ಮಖಮಲ್ಲು, ಉಬ್ಬಿದ ತೋಳು, ಬೆನ್ನ ತುಂಬ ಜರಿಯ ನವಿಲು. ಮಗಳು ಅದನ್ನು ಎತ್ತಿ ಹಿಡಿದು, ಯಾವ ನಾಟಕಕ್ಕೆ ಹೊಲಿಸಿದ್ದು ಎಂದು ಕೇಳಿದಳು. ವಸುಧಕ್ಕನ ಮದುವೆಗೆ ಎಂದೆ. ಅವಳು ನಕ್ಕು ಎದ್ದು ಹೋದಳು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ. ಬೀರು ಒಪ್ಪ ಮಾಡಲು ಹೋಗಿ ಇಡೀ ಮಧ್ಯಾಹ್ನ ಕಳೆದುಕೊಂಡವರು ನಿಮ್ಮಲ್ಲೂ ಇದ್ದಾರೆ ಎಂಬ ಧೈರ್ಯದಿಂದ ಇದನ್ನು ಹೇಳುತ್ತಿದ್ದೇನೆ.

ನನಗೆ ರಾಜಮನೆತನದ ಮದುವೆಗಳೆಂದರೆ ಹುಚ್ಚು. ಯಾವ ದೇಶದ ಯಾವ ರಾಜಕುಮಾರ ಮದುವೆಯಾದರೂ ಟೀವಿ ಮುಂದೆ ನಾನಿರಲೇಬೇಕು. ವಧುವಿನ ಹಿಂದೆ ನೆಲದ ಮೇಲೆ ಹರಿಯುವ ಬಟ್ಟೆ ಎಷ್ಟು ಉದ್ದ, ತಲೆಯ ಮೇಲಿನ ಕಿರೀಟ ಯಾರ ಅಜ್ಜಿಯದು ಎಂದೆಲ್ಲ ನೋಡುತ್ತ ಎಷ್ಟೋ ಸಲ ಸಾರು ಸೀದಿದೆ. ಹಾಗಿರುವಾಗ ನಮ್ಮಕ್ಕನ ಮಗಳು ವಸುಧಾಳನ್ನು ಹಳೆಯ ಪಾಳೇಗಾರ ಮನೆತನವೊಂದು ಸೊಸೆಯಾಗಿ ಕೇಳಿ ಬಂದರೆ ನನ್ನ ಸ್ಥಿತಿ ಏನಾಗಬೇಡ? ಮದುವೆ ಅವಳದು, ನಿದ್ದೆ ಹೋದದ್ದು ನನಗೆ.

ವಸುಧಾ ಕೊಡಿಗೇಹಳ್ಳಿಯ ಹುಡುಗಿ. ಭಾವನವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಆದರೂ ಹಿತ್ತಲಲ್ಲಿ ಎರಡು ಹಸು ಕಟ್ಟುವುದನ್ನು ಭಾವ ಬಿಟ್ಟಿರಲಿಲ್ಲ. ಅವುಗಳ ಕೊರಳು ತುರಿಸುತ್ತಲೇ ಬೆಳೆದ ಹುಡುಗಿ ಹೆಬ್ಬಾಳದಲ್ಲಿ ಓದಿ ಪಶುವೈದ್ಯೆಯಾಗಿ ಅಲ್ಲಿನ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರಿದಳು. ಅಲ್ಲಿಗೇ ತನ್ನ ಮುದಿ ನಾಯಿಯನ್ನು ಎತ್ತಿಕೊಂಡು ಬಂದವನು ರಾಜೇಂದ್ರ. ನಾಯಿ ಹೆಚ್ಚು ಕಾಲ ಬದುಕಲಿಲ್ಲ. ಅವನು ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ತಿಂಗಳುಗಳು ಕಳೆದ ಮೇಲೆ, ನಮ್ಮೂರಿನಲ್ಲಿ ಒಂದು ಹಳೇ ಮನೆ ಇದೆ ಎಂದು ಸಂಕೋಚದಿಂದ ಹೇಳಿದನಂತೆ. ಆ ಹಳೇ ಮನೆಯೇ ಅರಮನೆ.

ಮಾತುಕತೆಗೆ ಅವನ ತಾಯಿ ಬಂದರು. ಊರವರೆಲ್ಲ ಅವರನ್ನು ರಾಣಿಯಮ್ಮ ಎನ್ನುತ್ತಾರೆ. ಕಿಟಕಿಗಳಿಗೆ ಪರದೆ ಕಟ್ಟಿದ ಹಳೆಯ ಕಾರಿನಿಂದ ಇಳಿದವರು ತುಂಬ ತೆಳ್ಳಗಿದ್ದರು, ಮಾತು ಕಡಿಮೆ. ಎರಡು ಸಂಗತಿ ತಿಳಿಸಿದರು. ಮನೆತನದ ಸೊಸೆಯರೆಲ್ಲ ಧಾರೆಗೆ ಉಟ್ಟ ಪಟ್ಟದ ಸೀರೆಯನ್ನೇ ವಸುಧಾಳೂ ಉಡಬೇಕು. ಮದುವೆಯಾದ ಮೇಲೆ ಹೊರಗೆ ದುಡಿಯುವ ಪದ್ಧತಿ ಅವರಲ್ಲಿಲ್ಲ. ನಾನು ಸೀರೆಯ ಮಾತಿಗೇ ಕರಗಿ ಹೋಗಿದ್ದೆ. ಎರಡನೆಯದು ಕಿವಿಗೆ ಬಿದ್ದದ್ದೇ ವಸುಧಾ ಬಾಯಿ ತೆರೆದಾಗ.

"ಸೀರೆ ಉಡ್ತೀನಮ್ಮ, ಅದು ಒಂದು ದಿನದ ಭಾರ. ಕೆಲಸ ಮಾತ್ರ ಬಿಡಕ್ಕಾಗಲ್ಲ."

ರಾಣಿಯಮ್ಮ ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. ಮುಂದೆ ನೋಡೋಣ ಎಂದಷ್ಟೇ ಹೇಳಿ ಎದ್ದರು.

ಮದುವೆ ಯಲಹಂಕದಾಚೆಯ ದೊಡ್ಡ ಛತ್ರದಲ್ಲಿ ನಡೆಯಿತು. ಆ ದಿನ ನಾನು ಮೇಲೆ ಹೇಳಿದ ರವಿಕೆ ತೊಟ್ಟಿದ್ದೆ. ಕಂಕುಳ ಎಷ್ಟು ಬಿಗಿಯೆಂದರೆ ಅಕ್ಷತೆ ಹಾಕಲು ಕೈ ಎತ್ತಲಾಗದೆ ಸೊಂಟದ ಮಟ್ಟದಿಂದಲೇ ಎರಚುತ್ತಿದ್ದೆ. ಅದರಲ್ಲಿ ಅರ್ಧ ಮುಂದೆ ಕೂತಿದ್ದವರ ಜಡೆಗೆ ಹೋಯಿತು. ಪಟ್ಟದ ಸೀರೆಯಂತೂ ಅಪರಂಜಿಯ ತಗಡಿನ ಹಾಗಿತ್ತು. ನಾವು ಮೂವರು ಸೇರಿ ಉಡಿಸಿದೆವು. ಒಳಗೆ ನಿಂತ ಹುಡುಗಿ, ಚಿಕ್ಕಮ್ಮ, ಉಸಿರಾಡಕ್ಕಾದ್ರೂ ಜಾಗ ಬಿಡು ಎಂದಳು. ಆದರೆ ಮಂಟಪಕ್ಕೆ ಬಂದು ನಿಂತಾಗ ಅವಳನ್ನು ನೋಡಬೇಕಿತ್ತು ನೀವು. ಟೀವಿಯ ರಾಜಕುಮಾರಿಯರನ್ನೆಲ್ಲ ನಾನು ಆ ಕ್ಷಣವೇ ಮರೆತೆ.

ತಾಳಿ ಕಟ್ಟಿದ್ದಾಯಿತು. ಸಪ್ತಪದಿಗೆ ಏಳುವಾಗ ಸೀರೆ ಪರ್ರೆಂದಿತು. ಮಡಿಕೆಯ ಗೆರೆಯುದ್ದಕ್ಕೂ, ಮೊಣಕಾಲಿನಿಂದ ಅಂಚಿನವರೆಗೆ. ವಾದ್ಯದವರೂ ನಿಲ್ಲಿಸಿದರು. ರಾಜೇಂದ್ರನ ದೊಡ್ಡಪ್ಪ, ಅಂದರೆ ಮನೆತನದ ಹಿರಿಯರು, ಅಪಶಕುನ ಎಂದು ಎಲ್ಲರಿಗೂ ಕೇಳುವಂತೆ ಅಂದರು. ವಸುಧಾ ಬಿಳಿಚಿಕೊಂಡು ನಿಂತಳು. ಅಕ್ಕ ಆಗಲೇ ಅಳುತ್ತಿದ್ದಳು. ನನ್ನ ಕೈಯಂತೂ ಮೊದಲೇ ಏಳುತ್ತಿರಲಿಲ್ಲ, ಈಗ ಕಾಲೂ ಏಳಲಿಲ್ಲ.

ರಾಣಿಯಮ್ಮ ಮಂಟಪ ಹತ್ತಿ ಬಂದರು. ಹರಿದ ಜಾಗವನ್ನು ತಮ್ಮ ಶಾಲಿನಿಂದ ಮುಚ್ಚಿದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು.

"ಇದು ಇವಳ ಕಾಲಕ್ಕೆ ಹರಿದದ್ದಲ್ಲ. ನಾನು ಉಟ್ಟಾಗಲೇ ಬಿಟ್ಟಿತ್ತು. ಹೆದರಿಕೊಂಡು ಯಾರಿಗೂ ಹೇಳದೆ ಹೊಲಿದಿಟ್ಟೆ. ಮೂವತ್ತು ವರ್ಷ ಸಂಸಾರ ಮಾಡ್ಲಿಲ್ವಾ ನಾನು?"

ದೊಡ್ಡಪ್ಪ ಕೂತರು. ರಾಣಿಯಮ್ಮ ಸೊಸೆಯ ಕೈ ಹಿಡಿದು, ನಿಮ್ಮಪ್ಪ ತಂದಿರೋ ಸೀರೆ ಉಟ್ಕೊಂಡು ಬಾ ತಾಯಿ ಎಂದರು. ಭಾವ ತಂದಿದ್ದ ಹಸಿರು ರೇಷ್ಮೆಯಲ್ಲಿ ಅವಳು ಏಳು ಹೆಜ್ಜೆಯನ್ನೂ ಧಾರಾಳವಾಗಿ ಇಟ್ಟಳು.

ಇಲ್ಲಿಗೆ ಕತೆ ಮುಗಿದರೆ ಚೆನ್ನಾಗಿತ್ತು. ಟೀವಿಯಲ್ಲಿ ಇಲ್ಲಿಗೇ ಮುಗಿಸುತ್ತಾರೆ. ಆದರೆ ಆಮೇಲೆ ಅರಮನೆಯಲ್ಲಿ ಬದುಕಬೇಕಲ್ಲ. ಹಬ್ಬಕ್ಕೆ ಹೋದಾಗ ನೋಡಿದೆ, ಅಷ್ಟೊಂದು ಕೋಣೆಗಳಲ್ಲಿ ಸೋರದವು ಬೆರಳೆಣಿಕೆಯಷ್ಟು. ದರ್ಬಾರು ಹಾಲಿನಲ್ಲಿ ಗಾರೆ ಉದುರಿ ಸಿಂಹಾಸನಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು. ಹೆಂಗಸರಿಗೆ ಮುಂಬಾಗಿಲಿನಿಂದ ಓಡಾಡುವ ವಾಡಿಕೆ ಇರಲಿಲ್ಲ. ತರಕಾರಿ ಕೊಳ್ಳಲೂ ಹೋಗುವಂತಿಲ್ಲ, ತರಕಾರಿಯೇ ಮನೆಗೆ ಬರುತ್ತಿತ್ತು. ಬಂದವರೆಲ್ಲ ವಸುಧಾಳನ್ನು ನೋಡಿ ಕೈ ಮುಗಿದು ಹೋಗುತ್ತಿದ್ದರು. ದೊಡ್ಡಪ್ಪ ಪಟ್ಟು ಬಿಡದ್ದರಿಂದ ಕೆಲಸದ ಮಾತು ಹಾಗೇ ನಿಂತಿತ್ತು. ರಾಜೇಂದ್ರ ಹೆಂಡತಿಯ ಪರವಾಗಿ ವಾದಿಸುವನು, ದೊಡ್ಡಪ್ಪ ಊಟ ಬಿಡುವರು, ಇವನು ಸುಮ್ಮನಾಗುವನು.

"ಇಲ್ಲಿ ಎಲ್ರೂ ಕೈ ಮುಗೀತಾರೆ ಚಿಕ್ಕಮ್ಮ, ಯಾರೂ ಮಾತಾಡಲ್ಲ," ಎಂದು ಒಮ್ಮೆ ಫೋನಿನಲ್ಲಿ ಹೇಳಿದಳು. ವಾಪಸ್ ಬಂದುಬಿಡು ಎಂದೆ. ನಾನು ಹಾಗೆ ಅಂದೆನೆಂದರೆ ನನಗೇ ನಂಬಿಕೆಯಾಗಲಿಲ್ಲ. ಇನ್ನೊಂದು ಸ್ವಲ್ಪ ನೋಡ್ತೀನಿ ಎಂದಳು.

ದಾರಿ ತೆರೆದದ್ದು ಊರಿನ ಜನ. ಹೊಸ ಸೊಸೆ ದನದ ಡಾಕ್ಟ್ರು ಎಂಬ ಸುದ್ದಿ ಹಬ್ಬಿತ್ತು. ಆಸ್ಪತ್ರೆ ದೂರ. ಒಂದು ಬೆಳಿಗ್ಗೆ ಒಬ್ಬ ರೈತ ಹೊಟ್ಟೆಯುಬ್ಬರಿಸಿದ ಹಸುವನ್ನು ನೇರ ಅರಮನೆಯ ಮುಂಬಾಗಿಲಿಗೇ ಹೊಡೆದುಕೊಂಡು ಬಂದ. ಕಾವಲಿನವನು ಹೋಗು ಎನ್ನುತ್ತಿದ್ದಾನೆ, ರೈತ ಕದಲುತ್ತಿಲ್ಲ. ವಸುಧಾ ಮಹಡಿಯಿಂದ ನೋಡಿದವಳು ಸೆರಗು ಸಿಕ್ಕಿಸಿ ಕೆಳಗಿಳಿದಳು. ದೊಡ್ಡಪ್ಪ ಅಡ್ಡ ನಿಂತರು. ಅರಮನೆ ಮುಂದೆ ದನದ ಸಂತೆ ಮಾಡಿದರೆ ಮರ್ಯಾದೆ ಏನಾಗಬೇಕು ಎಂದು ಕೇಳಿದರು. ಉತ್ತರ ಕೊಟ್ಟದ್ದು ರಾಣಿಯಮ್ಮ.

"ಕುದುರೆ ಲಾಯದಲ್ಲಿ ಇಷ್ಟು ವರ್ಷದಿಂದ ಬಾವಲಿ ಇವೆ, ಆಗ ಹೋಗದ ಮರ್ಯಾದೆ ಹಸು ಬಂದ್ರೆ ಹೋಗುತ್ತಾ? ಬಾಗಿಲು ತೆಗೀರಿ."

ಮುಂಬಾಗಿಲು ತೆರೆಯಿತು. ವಸುಧಾ ಮೊದಲು, ಹಿಂದೆ ರಾಣಿಯಮ್ಮ, ಇಬ್ಬರೂ ಅದೇ ಬಾಗಿಲಿನಿಂದ ಬೀದಿಗೆ ಇಳಿದರು. ಹೊಟ್ಟೆಯ ಗಾಳಿ ಇಳಿದು ಹಸು ಎದ್ದು ನಿಂತಾಗ ಸೇರಿದ್ದ ಜನ ಕೈ ಮುಗಿಯಲಿಲ್ಲವಂತೆ, ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರಂತೆ. ಅದನ್ನು ಹೇಳುವಾಗ ವಸುಧಾಳ ದನಿ ಹೇಗಿತ್ತೆಂದರೆ, ನಾನು ಫೋನು ಹಿಡಿದು ಅಡುಗೆಮನೆಯಲ್ಲಿ ಕುಣಿದುಬಿಟ್ಟೆ. ಲಾಯ ಈಗ ಆಸ್ಪತ್ರೆ. ದೊಡ್ಡಪ್ಪನವರೇ ತಮ್ಮ ಎಮ್ಮೆಯನ್ನು ಅಲ್ಲಿಗೆ ಕಳಿಸುತ್ತಾರೆ, ಆದರೆ ಹಿಂಬಾಗಿಲಿನಿಂದ.

ಬೀರಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು ನಾನು ಅಂದು ಸಂಜೆ ಯಶವಂತಪುರ ಸ್ಟೇಷನ್ನಿಗೆ ಹೋಗಬೇಕಿತ್ತು. ರಾಣಿಯಮ್ಮ ನಮ್ಮ ಮನೆಗೆ ಬರುವವರಿದ್ದರು, ರೈಲಿನಲ್ಲಿ, ಒಬ್ಬರೇ. ಹತ್ತಿಯ ಸೀರೆ ಉಟ್ಟು, ಚೀಲ ತಾವೇ ಹಿಡಿದು ಇಳಿದರು. ಕಾರು ಬೇಡ ಎಂದದ್ದಕ್ಕೆ ಆಟೋ ಹತ್ತಿದೆವು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತಾಗ ಡ್ರೈವರು ಹಿಂತಿರುಗಿ, ಯಾವೂರಮ್ಮ ಎಂದು ಕೇಳಿದ. ಇವರು ಊರಿನ ಹೆಸರು ಹೇಳಿದರು.

"ಅಯ್ಯೋ, ನಮ್ ಮಾವನ ಊರು ಅಲ್ಲೇ ಪಕ್ಕ. ಅಲ್ಲಿ ಅರಮನೆ ಇದ್ಯಲ್ಲಮ್ಮ, ಅಲ್ಲೊಬ್ರು ಡಾಕ್ಟ್ರಮ್ಮ ಅವ್ರೆ. ನಮ್ ಮಾವನ ಎಮ್ಮೆ ಉಳಿಸಿದ್ದು ಅವ್ರೇ. ಗೊತ್ತಾ ನಿಮ್ಗೆ?"

ನಾನು ರಾಣಿಯಮ್ಮನ ಮುಖ ನೋಡಿದೆ. ಈಗ ಹೇಳುತ್ತಾರೆ, ಇವನು ದಂಗಾಗುತ್ತಾನೆ ಎಂದು ಸೆರಗು ಸರಿಮಾಡಿಕೊಂಡು ಕಾದೆ. ಅವರು ಅರಮನೆಯ ಸುದ್ದಿಗೇ ಹೋಗಲಿಲ್ಲ.

"ಗೊತ್ತಪ್ಪ," ಎಂದರು. "ನಮ್ಮ ಸೊಸೆ."