ನೈಲಾನ್ ಬೆರೆತ ಮೊದಲ ರತ್ನಗಂಬಳಿ

ಗೋಕಾಕ ಸೀಮೆಯಲ್ಲಿ ಉಣ್ಣೆಯ ಕೆಲಸ ಬಲ್ಲವರಿಗೆ ಬರವಿಲ್ಲ. ಆದರೆ ಉಣ್ಣೆಯೊಡನೆ ನೈಲಾನ್ ಎಳೆಯನ್ನು ಹುರಿಗೊಳಿಸಿ ರತ್ನಗಂಬಳಿ ನೇಯುವುದನ್ನು ಈ ಭಾಗಕ್ಕೆ ಕಲಿಸಿದವರು ಯಾರೆಂದು ಕೇಳಿದರೆ, ಮೂಡಲಗಿಯ ನೇಯ್ಗೆ ಕೇಂದ್ರದಿಂದ ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ಕಾಶೆವ್ವನವರ ಹೆಸರೇ ಎಲ್ಲರ ಬಾಯಲ್ಲಿ ಬರುತ್ತದೆ.

ತುಕ್ಕಾನಟ್ಟಿಯ ಕಂಬಳಿ ನೇಕಾರ ಉದ್ದಪ್ಪನವರ ಸೊಸೆಯಾಗಿ ಬಂದು, ೧೯೫೦ರಲ್ಲಿ ನೂಲುವ ಶಿಕ್ಷಕಿಯಾಗಿ ಸೇರಿದ ಅವರು, ಬುತ್ತಿ ತರದ ವಿದ್ಯಾರ್ಥಿನಿಯರಿಗೆ ತಮ್ಮ ರೊಟ್ಟಿಯನ್ನೇ ಮುರಿದು ಕೊಡುತ್ತ, "ಹೊಟ್ಟಿ ಹಸದಿದ್ರ ಎಳಿ ಹರಿತೈತಿ, ತಿನ್ನವಾ" ಎನ್ನುತ್ತಿದ್ದರು.

೧೯೬೪ರಲ್ಲಿ ಮುಂಬಯಿಯಿಂದ ನೈಲಾನ್ ನೂಲಿನ ಪೆಟ್ಟಿಗೆ ಬಂದಿತು. ಬರೀ ಉಣ್ಣೆಯ ಹಾಸು ಕಚೇರಿಗಳಲ್ಲಿ ವರ್ಷದೊಳಗೇ ಸವೆಯುತ್ತಿದ್ದುದರಿಂದ, ಮೂರೆಳೆ ಉಣ್ಣೆಗೆ ಒಂದೆಳೆ ನೈಲಾನ್ ಸೇರಿಸಿ ನೇಯ್ದು, ಹದಿನೈದು ದಿನ ಜನರಿಂದ ತುಳಿಸಿ ತೋರಿಸಬೇಕು, ಇಲ್ಲವಾದರೆ ಕೇಂದ್ರದ ಆರೂ ಮಗ್ಗಗಳು ಬೇರೆ ಊರಿಗೆ ಹೋಗುತ್ತವೆ ಎಂದು ಮೇಲಿನವರ ಅಪ್ಪಣೆ. ಮಗ್ಗ ಹೋದರೆ ಹೆಂಗಸರ ಕಲಿಕೆ ಅಲ್ಲಿಗೇ ಮುಗಿದಂತೆ. ಕಾಶೆವ್ವನವರಿಗೋ ಭಯಕ್ಕಿಂತ ಹುರುಪೇ ಹೆಚ್ಚು. ಆ ಹೊಳೆಯುವ ಎಳೆಯನ್ನು ಜಗ್ಗಿ ಜಗ್ಗಿ ನೋಡಿ, "ಹಲ್ಲಿಗೂ ಹರಿವಲ್ದು ನೋಡ್ರಿ ಇದು" ಎಂದು ನಕ್ಕರು. ಹಗಲೆಲ್ಲ ಮಗ್ಗ ಬಿಟ್ಟು ಏಳಲಿಲ್ಲ.

ನೇಯ್ದು ಮುಗಿಸಿದ ರತ್ನಗಂಬಳಿಯನ್ನು ಕೇಂದ್ರದ ಬಾಗಿಲಲ್ಲಿ ಹಾಸಿದ ಮೇಲೆ ಆದದ್ದೇ ಬೇರೆ. ಕಂಬಳಿಯ ಮೇಲೆ ದೇವರನ್ನು ಕೂಡಿಸುವ ಜನ ಉಣ್ಣೆಯನ್ನು ತುಳಿದಾರೆಯೇ? ಸಂತೆಗೆ ಬಂದವರು ಚಪ್ಪಲಿ ಕಳಚಿ, ಗೋಡೆ ಹಿಡಿದು ಅಂಚಿನಲ್ಲೇ ದಾಟಿದರು. ಕೆಲವರು ಮುಟ್ಟಿ ನಮಸ್ಕರಿಸಿದರು. ಒಂಬತ್ತು ದಿನ ಕಳೆದರೂ ಹಾಸು ಹೊಸದಾಗಿಯೇ ಉಳಿಯಿತು. ಕಾಶೆವ್ವನವರೇ ಮೂರು ಸಲ ಕಾಲೆತ್ತಿ, ಮೂರು ಸಲವೂ ಹಿಂದೆ ಸರಿದರು. ಹತ್ತನೆಯ ಮುಂಜಾನೆ ಮಾವನವರ ಮುಂದೆ ಅತ್ತೇಬಿಟ್ಟರು.

ಎಪ್ಪತ್ತು ದಾಟಿದ ಉದ್ದಪ್ಪನವರು ಚಪ್ಪಲಿ ಮೆಟ್ಟಿಕೊಂಡು ಕೇಂದ್ರಕ್ಕೆ ಬಂದರು. ಕುಲದೇವರಾದ ಬೀರದೇವರಿಗೆ ಕೈಮುಗಿದು ಹಾಸಿನ ನಟ್ಟನಡುವೆ ನಿಂತರು.

"ದೇವರ ಕಂಬಳಿ ಮನ್ಯಾಗ ಐತಿ. ಇದು ನಮ್ಮ ಸೊಸಿ ಅನ್ನದ್ದು. ನಾ ತುಳದೇನಿ, ಪಾಪ ಇದ್ರ ನನಗ ಇರ್ಲಿ. ಬರ್ರಿ, ತುಳೀರಿ."

ಆಮೇಲೆ ಕೇಳಬೇಕೇ? ಕೆಸರುಗಾಲಿನ ಸಂತೆಯೇ ಅದರ ಮೇಲೆ ಹಾದುಹೋಯಿತು. ಹದಿನೈದನೆಯ ದಿನ ಅಧಿಕಾರಿಗಳ ಎದುರಿಗೇ ತೊಳೆದಾಗ ಒಂದೆಳೆಯೂ ಎದ್ದಿರಲಿಲ್ಲ. ಮಗ್ಗಗಳು ಉಳಿದವು, ಈಗ ಹನ್ನೆರಡಾಗಿವೆ.

ಹುಕ್ಕೇರಿಯ ಹೆಣ್ಣುಮಕ್ಕಳು ಕಾಶೆವ್ವನವರನ್ನು ಕಲಿಸಲು ಬನ್ನಿರೆಂದು ಈಗಾಗಲೇ ಕರೆದಿದ್ದಾರೆ. ಅವರ ಕಣ್ಣು ಕೈ ಚುರುಕಾಗಿದ್ದು, ನೂರು ವರ್ಷ ಬಾಳಿ, ಅಲ್ಲಿಯೂ ಮಗ್ಗ ಹೂಡಲಿ. ಉದ್ದಪ್ಪನವರು ಈಗಿಲ್ಲ. ಹಾಸು ತುಳಿದು ಬಂದ ಆ ದಿನ ಮನೆಯ ಹೊಸ್ತಿಲ ಹೊರಗೆ ಕುಳಿತು ಅವರು ಮತ್ತೆ ಮತ್ತೆ ಕಾಲು ತೊಳೆದುಕೊಂಡದ್ದನ್ನು ಸೊಸೆ ಮರೆತಿಲ್ಲ. "ನೀರು ಹಾಕಿದಾಕಿ ನಾನಽ. ಆ ಪಾಪದಾಗ ಅರ್ಧ ನಂದು" ಎನ್ನುತ್ತಾರೆ.