ಪಾರ್ವತೆಮ್ಮನ ಛಲೋ ಬೂದಿ

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಈ ವಾರ ಯಾವ ಬಣ್ಣದ ಸೀರೆ ಮಗ್ಗಕ್ಕೇರಿದೆ ಎಂದು ತಿಳಿಯಬೇಕಾದರೆ ನಮ್ಮ ಓಣಿಯ ಪಾರ್ವತೆಮ್ಮನ ಕೈ ನೋಡಿದರೆ ಸಾಕಿತ್ತು. ಮೊಣಕೈವರೆಗೂ ಅದೇ ಬಣ್ಣ. ಗಂಡ ತೀರಿಕೊಂಡ ಮೇಲೆ ನೂಲಿಗೆ ಬಣ್ಣ ಹಾಕುವ ಎರಡು ಬಾನಿಗಳನ್ನೇ ನಂಬಿ ಮನೆ ನಡೆಸಿದ ಹೆಂಗಸು. ಅವಳದು ಮೆತ್ತನೆಯ ಸ್ವಭಾವ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಗ್ಗಗಳೆಲ್ಲ ಒಟ್ಟಿಗೆ ಸದ್ದು ಮಾಡುತ್ತಿದ್ದರೂ ಅವಳ ದನಿ ಮೂರನೆಯ ಮನೆಗೆ ಕೇಳುತ್ತಿತ್ತು.

2008ರ ಬೇಸಿಗೆಯಲ್ಲಿ ಅವಳ ಹಿಂದಿನ ಮನೆಯ ಅಬ್ದುಲಸಾಬ ಗುಲಾಬಿ ಟೊಪ್ಪಿಗೆ ಹಾಕಿಕೊಂಡು ಶುಕ್ರವಾರದ ನಮಾಜಿಗೆ ಹೋದ. ನಿಜಕ್ಕೂ ಅದು ಬಿಳಿ ಟೊಪ್ಪಿಗೆ. ಹೆಂಡತಿ ಶಾಹಜಾದಬಿ ತಮ್ಮ ಹಿತ್ತಲ ಬಾವಿ ನೀರಲ್ಲಿ ಒಗೆದಿದ್ದಳು, ಅಷ್ಟೇ. ಮಸೀದಿ ಮುಂದೆ ಗೆಳೆಯರೆಲ್ಲ ಮದುಮಗ ಬಂದ ಎಂದು ಕಾಡಿದರು. ಮರುದಿನ ಶಾಹಜಾದಬಿ ಆ ಟೊಪ್ಪಿಗೆ ಹಿಡಿದು ಪಾರ್ವತೆಮ್ಮನ ಬಾಗಿಲಿಗೆ ಬಂದಳು.

"ಪಾರಕ್ಕ, ನಿನ್ನ ಬಾನಿ ನೀರು ನಮ್ಮ ಬಾವಿಗೆ ಇಳದೈತಿ. ಮಳಿಗಾಲ ಬರೋದ್ರಾಗ ನಿಂದ್ರಸು. ಇಲ್ಲಂದ್ರ ನಾ ಪಂಚಾಯ್ತಿಗೆ ಹೋಗಿ ಬಾನಿ ಒಡಸ್ತೀನಿ. ಆಮ್ಯಾಲ ನನ್ನ ಬೈಬ್ಯಾಡ."

ಪಾರ್ವತೆಮ್ಮ ಟೊಪ್ಪಿಗೆಯನ್ನು ತಿರುಗಿಸಿ ನೋಡಿದಳು. ಟೊಪ್ಪಿಗೆಯ ಬಣ್ಣ ತನ್ನದೇ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೇರವಾಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಗೋವಿಂದರಾಜ ಮಾಸ್ತರ ಮನೆಗೆ ಹೋದಳು.

"ಒಂದು ಡ್ರಮ್ಮಿನ್ಯಾಗ ಪದರ ಕಟ್ರಿ," ಎಂದರು ಅವರು. "ತಳಕ್ಕ ಕಲ್ಲಿನ ಹರಳು, ಮ್ಯಾಲ ಉಸುಕು, ಅದರ ಮ್ಯಾಲ ರೈಸ್ ಮಿಲ್ಲಿನ ಛಲೋ ಬೂದಿ. ಮತ್ತ ಉಸುಕು, ಮತ್ತ ಬೂದಿ. ಬಣ್ಣದ ನೀರು ಮ್ಯಾಲಿಂದ ಸಾವಕಾಶ ಬಿಡ್ರಿ. ಬಣ್ಣ ಬೂದಿಗೆ ಅಂಟ್ಕೊಂತೈತಿ, ನೀರು ಕೆಳಗ ಇಳಿತೈತಿ."

ಪಾರ್ವತೆಮ್ಮನ ತಮ್ಮ ಕೊಟ್ರೇಶ ಗಂಗಾವತಿಯ ಮಿಲ್ಲೊಂದರಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟು ಹಾಕುವವನು. ಚೀಲಗಟ್ಟಲೆ ಬೂದಿ ಕಳಿಸಿದ. ಬಿಚ್ಚಿದರೆ ಅದರಲ್ಲಿ ಪೂರ್ತಿ ಸುಟ್ಟ ಬಿಳಿದೂ ಇತ್ತು, ಅರೆ ಸುಟ್ಟ ಕರಿದೂ ಇತ್ತು. ವಿಭೂತಿ ಹಚ್ಚದೆ ಚಹಾ ಕೂಡ ಕುಡಿಯದ ಹೆಂಗಸಿಗೆ ಛಲೋ ಬೂದಿ ಯಾವುದೆಂದು ಬೇರೆ ಹೇಳಬೇಕೆ? ಬಿಳಿದನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಭಕ್ತಿಯಿಂದ ಡ್ರಮ್ಮಿಗೆ ಹಾಕಿದಳು. ಕರಿದನ್ನು ಬಾನಿ ನೀರು ಹರಿದುಹೋಗುವ ಮನೆ ಹಿಂದಿನ ಗಟಾರಕ್ಕೆ ಸುರಿದಳು.

ಕೆಂಪು ನೀರು ಮೇಲಿಂದ ಹೋಯಿತು, ಕೆಳಗೆ ಕೆಂಪಗೇ ಬಂತು. ಇನ್ನೂ ಬೆಳ್ಳಗಿನ ಬೂದಿ ಹಾಕಿದಳು. ಇನ್ನೂ ನುಣ್ಣಗೆ ಸೋಸಿದಳು. ಮತ್ತೆ ಕೆಂಪೇ. ಕೇಳೋಣವೆಂದರೆ ಮಾಸ್ತರು ಪರೀಕ್ಷೆಯ ಕೆಲಸಕ್ಕೆ ಪರವೂರಿಗೆ ಹೋಗಿದ್ದರು. ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು. ಪಾರ್ವತೆಮ್ಮ ಬಾನಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಳು. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅವಳ ಸುಮ್ಮನಿರುವಿಕೆ ನೋಡಿ ನಮಗೂ ಹೆದರಿಕೆಯಾಯಿತು.

ಆಗಲೇ ಶಾಹಜಾದಬಿ ಮತ್ತೆ ಬಂದಳು.

"ಏನ್ ಮಾಡಿದಿ ಪಾರಕ್ಕ? ನಮ್ಮ ಕಡಿ ಗಟಾರದ ನೀರು ತಿಳಿ ಆಗೈತಿ."

"ಚಾಷ್ಟಿ ಮಾಡಾಕ ಬಂದೀಯೇನು?"

"ನೀನ ಬಂದು ನೋಡು."

ಇಬ್ಬರೂ ಹೋಗಿ ಬಗ್ಗಿ ನೋಡಿದರು. ಗಟಾರದಲ್ಲಿ ಕರಿ ಬೂದಿಯ ಗುಡ್ಡೆ ಅಡ್ಡ ಬಿದ್ದಿತ್ತು. ಈಚೆ ಕೆಂಪು ನೀರು ನಿಂತಿತ್ತು. ಆಚೆ ಜಿನುಗುತ್ತಿದ್ದ ನೀರಿಗೆ ಬಣ್ಣವೇ ಇರಲಿಲ್ಲ. ಪಾರ್ವತೆಮ್ಮ ಅದನ್ನು ಅಂಗೈಯಲ್ಲಿ ಹಿಡಿದು ಬಿಸಿಲಿಗೆ ನೋಡಿದಳು.

"ಛಲೋದನ್ನ ಗಟಾರಕ್ಕ ಹಾಕೀನಿ," ಎಂದಳು. "ಬ್ಯಾಡಾದದ್ದನ್ನ ಡ್ರಮ್ಮಿಗೆ."

ಸಂಜೆಯೊಳಗೆ ಡ್ರಮ್ಮಿನ ಪದರಗಳು ಬದಲಾದವು, ಕೆಳಗೆ ತಿಳಿನೀರು ಇಳಿಯಿತು. ಊರಿಗೆ ಮರಳಿದ ಮಾಸ್ತರು ನೀರು ನೋಡಿ ಪೇಚಾಡಿಕೊಂಡರು. "ಅರೆ ಸುಟ್ಟದ್ರಾಗ ಇದ್ದಿಲು ಉಳದಿರತೈತಿ. ಬಣ್ಣ ಹಿಡಿಯೋದು ಅದ. ಛಲೋ ಅನ್ನೋದರ ಬದಲಿ ಕರಿದು ಅಂತ ಹೇಳಬೇಕಿತ್ತು ನಾನು. ತಪ್ಪು ನನ್ನದು."

"ನಿಮ್ಮದಲ್ರಿ," ಎಂದು ಪಾರ್ವತೆಮ್ಮ ವಿಭೂತಿ ಮುಟ್ಟಿಕೊಂಡಳು. "ಬಿಳಿದ ಛಲೋ ಅಂದ ಈ ಹಣಿದು."

ಅಂದಿನಿಂದ ಅವಳಿಗೆ ಹಳೆಯ ದನಿ ಮರಳಿತು. ಬಣ್ಣ ಕುಡಿದು ಸಾಕಾದ ಬೂದಿಯನ್ನು ಇಟ್ಟಿಗೆ ಭಟ್ಟಿಗೆ ಕಳಿಸಿ ಹೊಸದು ತುಂಬುವುದು ಅವಳಿಗೆ ಒಲೆ ಸಾರಿಸಿದಷ್ಟು ಸಲೀಸಾಯಿತು. ಅತ್ತ ಅಬ್ದುಲಸಾಬ ಆಳುಗಳನ್ನು ಕರೆಸಿ ಬಾವಿಯ ಹಳೆ ನೀರನ್ನೆಲ್ಲ ಎತ್ತಿಸಿದ. ಮಳೆ ಬಂತು, ಬಾವಿ ತುಂಬಿತು. ಪಂಚಾಯ್ತಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಪಾರ್ವತೆಮ್ಮನಂತೂ ತಾನಾಗಿ ಅದನ್ನು ಕೇಳುವ ಪೈಕಿ ಅಲ್ಲ.

ಒಂದು ಶುಕ್ರವಾರ ಬೆಳಗ್ಗೆ ಅವಳು ಹಸಿ ಕೆಂಪು ನೂಲಿನ ಲಡಿಗಳನ್ನು ಹಗ್ಗಕ್ಕೆ ಹಾಕುತ್ತಿದ್ದಳು. ಶಾಹಜಾದಬಿ ಬಂದು ಗಂಡನ ಟೊಪ್ಪಿಗೆಯನ್ನು ಅದೇ ಹಗ್ಗಕ್ಕೆ, ಎರಡು ಲಡಿಗಳ ನಡುವೆ ಸಿಕ್ಕಿಸಿದಳು. ಹಾಲಿನಷ್ಟು ಬಿಳಿ ಟೊಪ್ಪಿಗೆ.

"ತಗಿಯವಾ, ಬಣ್ಣ ಹತ್ತತೈತಿ," ಎಂದಳು ಪಾರ್ವತೆಮ್ಮ.

"ಹತ್ತಿದ್ರ ಹತ್ತಲಿ ಪಾರಕ್ಕ. ಒಗ್ಯಾಕ ನಮ್ಮ ಬಾವಿ ಐತಲ್ಲ."